ಕ್ಯಾನುಲಾ ಮೂರನೇ ದಿನ ಕೀಳಬೇಕೇ? ಉತ್ತರ ಸಿಗಬೇಕಾದದ್ದು ವಾರ್ಡಿನಲ್ಲಿ

ಆಸ್ಪತ್ರೆಗೆ ಸೇರಿದವರ ಕೈಗೆ ಮೊದಲ ಗಂಟೆಯಲ್ಲೇ ಬೀಳುವುದು ಕ್ಯಾನುಲಾ. ವಾರ್ಡಿನಲ್ಲಿ ಕೆಲವರು ಅದನ್ನು ವೆನ್‌ಫ್ಲಾನ್ ಎನ್ನುತ್ತಾರೆ, ಮನೆಯವರಿಗೆ ಅದು ಡ್ರಿಪ್ ಸೂಜಿ. ಒಂದು ಆಸ್ಪತ್ರೆಯಲ್ಲಿ ಮೂರು ದಿನ ತುಂಬಿದ ಕೂಡಲೇ, ಯಾವ ತೊಂದರೆ ಇಲ್ಲದಿದ್ದರೂ ಅದನ್ನು ಕಿತ್ತು ಬೇರೆ ಕಡೆ ಚುಚ್ಚುತ್ತಾರೆ. ಇನ್ನೊಂದರಲ್ಲಿ ನೋವೋ ಊತವೋ ಕಾಣಿಸುವ ತನಕ ಮುಟ್ಟುವುದೇ ಇಲ್ಲ. ಕೇಳಿದರೆ ಎರಡೂ ಕಡೆಯವರು ‘ಗೈಡ್‌ಲೈನ್ ಇದೆ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಗೊಂದಲ ಹುಟ್ಟುವುದೇ ಅಲ್ಲಿ.

2024ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕೈಕಾಲಿನ ರಕ್ತನಾಳಕ್ಕೆ ಹಾಕುವ ಕ್ಯಾನುಲಾಗಳಿಂದ ಬರುವ ಸೋಂಕು ತಡೆಯಲು ತನ್ನ ಮೊದಲ ಜಾಗತಿಕ ಮಾರ್ಗಸೂಚಿ ಹೊರಡಿಸಿತು. ಆಸ್ಪತ್ರೆಗೆ ದಾಖಲಾಗುವವರಲ್ಲಿ ಶೇ 70ರಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಇದು ಬೇಕಾಗುತ್ತದೆ ಎಂದು ಅದೇ ಸಂಸ್ಥೆಯ ಲೆಕ್ಕ. ಇನ್ನಾದರೂ ಒಂದು ನೇರ ಉತ್ತರ ಸಿಕ್ಕೀತು ಎಂದುಕೊಂಡವರಿಗೆ ನಿರಾಸೆಯಾಯಿತು. ಹಲವು ಶಿಫಾರಸುಗಳ ಹಿಂದಿನ ಪುರಾವೆ ದುರ್ಬಲ, ಇನ್ನೂ ಸಂಶೋಧನೆ ಬೇಕು ಎಂದು ಮಾರ್ಗಸೂಚಿಯೇ ಒಪ್ಪಿಕೊಂಡಿದೆ. ಇಷ್ಟು ಸಾಮಾನ್ಯವಾದ ಕೆಲಸಕ್ಕೆ ಪುರಾವೆ ಯಾಕೆ ಇಷ್ಟು ತೆಳು? ಇದು ಔಷಧದ ಪ್ರಶ್ನೆಯಲ್ಲ, ಶಸ್ತ್ರಚಿಕಿತ್ಸೆಯದೂ ಅಲ್ಲ. ಕ್ಯಾನುಲಾ ಹಾಕುವವರು, ನೋಡಿಕೊಳ್ಳುವವರು, ತೆಗೆಯುವವರು ನರ್ಸ್‌ಗಳು. ಹಾಗಾಗಿ ಉತ್ತರ ಹುಡುಕಬೇಕಾದವರೂ ಅವರೇ, ಹುಡುಕಬೇಕಾದ ಜಾಗ ರೋಗಿಯ ಹಾಸಿಗೆಯ ಪಕ್ಕ. ಜಗತ್ತಿನ ಬೇರೆ ಕಡೆ ಆ ಕೆಲಸ ಅಷ್ಟಿಷ್ಟು ನಡೆದಿದೆ. ನರ್ಸಿಂಗ್ ಸಂಶೋಧನಾ ಪ್ರಬಂಧಗಳಿಗೆ ಕೊರತೆಯೇ ಇಲ್ಲದ ನಮ್ಮಲ್ಲಿ ಅದು ಯಾಕೆ ನಡೆಯುತ್ತಿಲ್ಲ ಎಂಬುದು ಕ್ಯಾನುಲಾ ವಿವಾದದಷ್ಟೇ ದೊಡ್ಡ ಪ್ರಶ್ನೆ.

72 ಗಂಟೆ ಬಂದದ್ದು ಎಲ್ಲಿಂದ

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2002ರ ಮಾರ್ಗಸೂಚಿ, ವಯಸ್ಕರ ಕ್ಯಾನುಲಾವನ್ನು 72ರಿಂದ 96 ಗಂಟೆಗೊಮ್ಮೆ ಬದಲಿಸಿ ಎಂದಿತ್ತು. ದಿನ ಕಳೆದಂತೆ ರಕ್ತನಾಳದ ಉರಿಯೂತ, ಅಂದರೆ ಫ್ಲೆಬೈಟಿಸ್ ಹೆಚ್ಚುತ್ತದೆ ಎಂಬುದು ಅದರ ಹಿಂದಿನ ತರ್ಕ. ನಮ್ಮ ಬಹುತೇಕ ವಾರ್ಡುಗಳ ‘ಮೂರು ದಿನ’ದ ಪದ್ಧತಿ ಈ ಕಾಲದ್ದು. 2011ರಲ್ಲಿ ಅದೇ ಕೇಂದ್ರ ಮಾತನ್ನು ಸ್ವಲ್ಪ ತಿರುಗಿಸಿತು. 72–96 ಗಂಟೆಗಿಂತ ಬೇಗ ಬದಲಿಸುವ ಅಗತ್ಯವಿಲ್ಲ, ತೊಂದರೆ ಕಂಡಾಗ ಮಾತ್ರ ಬದಲಿಸಿದರೆ ಸಾಕೇ ಎಂಬುದು ಇನ್ನೂ ತೀರ್ಮಾನವಾಗದ ವಿಷಯ ಎಂದಿತು.

ಈ ನಿಯಮ ಮಕ್ಕಳಿಗೆ ಅನ್ವಯಿಸುವುದಿಲ್ಲ. ಮಕ್ಕಳ ರಕ್ತನಾಳ ಸಿಗುವುದೇ ಕಷ್ಟವಾದ್ದರಿಂದ, ಅಗತ್ಯ ಬಿದ್ದಾಗ ಮಾತ್ರ ಬದಲಿಸಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಮಕ್ಕಳಿಗೆ ನಡೆಯುವುದು ದೊಡ್ಡವರಿಗೆ ಯಾಕೆ ನಡೆಯಬಾರದು ಎಂಬ ಪ್ರಶ್ನೆ ಏಳಲೇಬೇಕಿತ್ತು.

ಕ್ವೀನ್ಸ್‌ಲ್ಯಾಂಡಿನ ಉತ್ತರ

ಆ ಪ್ರಶ್ನೆಯನ್ನು ದೊಡ್ಡ ಮಟ್ಟದಲ್ಲಿ ಕೈಗೆತ್ತಿಕೊಂಡದ್ದು ಆಸ್ಟ್ರೇಲಿಯಾದ ನರ್ಸಿಂಗ್ ಪ್ರಾಧ್ಯಾಪಕಿ ಕ್ಲೇರ್ ರಿಕಾರ್ಡ್ ಅವರ ತಂಡ. ಕ್ವೀನ್ಸ್‌ಲ್ಯಾಂಡಿನ 3 ಆಸ್ಪತ್ರೆಗಳಲ್ಲಿ, ನಾಲ್ಕು ದಿನಕ್ಕಿಂತ ಹೆಚ್ಚು ಕಾಲ ಕ್ಯಾನುಲಾ ಬೇಕಾಗಬಹುದು ಎನ್ನಿಸಿದ 3,283 ವಯಸ್ಕ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರನೇ ದಿನ ಕಡ್ಡಾಯ ಬದಲಾವಣೆ, ಇನ್ನೊಂದಕ್ಕೆ ತೊಂದರೆ ಕಂಡಾಗ ಮಾತ್ರ. ಫಲಿತಾಂಶ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಫ್ಲೆಬೈಟಿಸ್ ಆದದ್ದು ಎರಡೂ ಗುಂಪಿನಲ್ಲಿ ಶೇ 7 ಮಂದಿಗೆ. ಮೂರನೇ ದಿನವೂ ಉಳಿದಿದ್ದ ಕ್ಯಾನುಲಾಗಳು ಮೊದಲ ಗುಂಪಿನಲ್ಲಿ ಸರಾಸರಿ 70 ಗಂಟೆ, ಎರಡನೆಯದರಲ್ಲಿ 99 ಗಂಟೆ ಇದ್ದವು. ಹೆಚ್ಚು ಹೊತ್ತು ಇಟ್ಟರೂ ಉರಿಯೂತ ಹೆಚ್ಚಲಿಲ್ಲ, ಚುಚ್ಚುವುದು ಕಡಿಮೆಯಾಯಿತು, ಖರ್ಚೂ ಇಳಿಯಿತು.

ಇದು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಲೆಕ್ಕ ಹೀಗಿದೆ: ಕ್ಯಾನುಲಾ ಇರುವ ಪ್ರತಿ ದಿನಕ್ಕೂ ಒಂದಿಷ್ಟು ಅಪಾಯ. ಆ ದಿನವಹಿ ಅಪಾಯ ಎಲ್ಲ ದಿನವೂ ಒಂದೇ ಸಮನೆ ಇದ್ದರೆ, ಹಳೆಯದನ್ನು ಕಿತ್ತು ಹೊಸದು ಹಾಕುವುದರಿಂದ ಲಾಭವಿಲ್ಲ. ಹೊಸದಕ್ಕೂ ಅಷ್ಟೇ ಅಪಾಯ, ಜೊತೆಗೆ ಚರ್ಮದಲ್ಲಿ ಇನ್ನೊಂದು ತೂತು. ನಾಲ್ಕನೇ ದಿನದ ನಂತರ ದಿನವಹಿ ಅಪಾಯವೇ ಏರುತ್ತದೆ ಎಂದಾದರೆ ಮಾತ್ರ ತಾರೀಖು ನೋಡಿ ಬದಲಿಸುವುದಕ್ಕೆ ಅರ್ಥ. ಫ್ಲೆಬೈಟಿಸ್ ಮಟ್ಟಿಗೆ ಮೊದಲನೆಯದೇ ನಿಜ ಎಂದು ಈ ಅಧ್ಯಯನ ತೋರಿಸಿತು. ಬ್ರಿಟನ್ನಿನ ಮಾರ್ಗಸೂಚಿ ಮತ್ತು ಅಮೆರಿಕದ, ಡ್ರಿಪ್ ನೋಡಿಕೊಳ್ಳುವ ಇನ್ಫ್ಯೂಷನ್ ನರ್ಸ್‌ಗಳ ಸಂಘಟನೆಯ ಮಾನದಂಡ ಎರಡೂ ‘ಅಗತ್ಯ ಬಿದ್ದಾಗ ಮಾತ್ರ’ ಎಂಬ ಕಡೆಗೆ ವಾಲಿದವು. ಭಾರತದ ಕೆಲವು ಆಸ್ಪತ್ರೆಗಳೂ ತಮ್ಮ ನಿಯಮ ಬದಲಿಸಿಕೊಂಡಿವೆ.

ಜಿನೀವಾದಲ್ಲಿ ಕಂಡದ್ದು ಬೇರೆ

ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯ ಆಸ್ಪತ್ರೆಗಳು 96 ಗಂಟೆಯ ನಿಯಮ ಪಾಲಿಸುತ್ತಿದ್ದವು. 2018ರ ಏಪ್ರಿಲ್‌ನಲ್ಲಿ ಅದನ್ನು ಬಿಟ್ಟು, ಅಗತ್ಯ ಬಿದ್ದಾಗ ಮಾತ್ರ ಬದಲಿಸುವ ಪದ್ಧತಿಗೆ ಹೋದವು. ಒಂದೂವರೆ ವರ್ಷದ ನಂತರ ಹಳೆಯದಕ್ಕೇ ಮರಳಿದವು. ಕಾರಣ ರಕ್ತದ ಸೋಂಕು. ನಿಯಮ ಬದಲಿಸುವ ಮುಂಚಿನ 2,41,432 ಕ್ಯಾನುಲಾಗಳಲ್ಲಿ ಅಂಥ ಸೋಂಕು 11 ಇದ್ದರೆ, ಬದಲಿಸಿದ ಮೇಲಿನ 1,30,779ರಲ್ಲಿ 46. ಲಕ್ಷಕ್ಕೆ 4–5 ಇದ್ದದ್ದು 35ಕ್ಕೆ ಏರಿತು. ಹಳೆಯ ನಿಯಮಕ್ಕೆ ಮರಳಿದ ಮೇಲೆ ಮತ್ತೆ ಇಳಿಯಿತು.

ಕ್ವೀನ್ಸ್‌ಲ್ಯಾಂಡಿನಲ್ಲಿ ಇದು ಯಾಕೆ ಕಾಣಲಿಲ್ಲ? ಫ್ಲೆಬೈಟಿಸ್ ನೂರಕ್ಕೆ ಏಳು ಮಂದಿಗೆ ಬರುವಂಥದ್ದು, ಕ್ಯಾನುಲಾದಿಂದ ರಕ್ತಕ್ಕೆ ಸೋಂಕು ತಗಲುವುದು ಲಕ್ಷಕ್ಕೆ ಹತ್ತಾರು. ಮೂರು ಸಾವಿರ ಚಿಲ್ಲರೆ ರೋಗಿಗಳಲ್ಲಿ ಎರಡನೆಯದು ಒಂದೋ ಎರಡೋ ಕಂಡೀತು, ಇಲ್ಲವೇ ಕಾಣದೆಯೂ ಇದ್ದೀತು. ಆ ಅಧ್ಯಯನ ತಪ್ಪಲ್ಲ, ಅದು ಕೇಳಿದ್ದು ಬೇರೆ ಪ್ರಶ್ನೆ. ಇತ್ತ ಜಿನೀವಾದ್ದು ‘ಮುಂಚೆ–ಆಮೇಲೆ’ ಹೋಲಿಕೆ. ರೋಗಿಗಳನ್ನು ಚೀಟಿ ಎತ್ತಿ ಹಂಚಿದ್ದಲ್ಲ, ಆ ಅವಧಿಯಲ್ಲಿ ಬೇರೇನೋ ಬದಲಾಗಿರಬಹುದು ಎಂಬ ಆಕ್ಷೇಪ ಸಹಜ. ಆದರೆ ನಿಯಮ ವಾಪಸು ತಂದಾಗ ಸೋಂಕೂ ಇಳಿದದ್ದು ಆ ಆಕ್ಷೇಪದ ಬಲ ಕುಗ್ಗಿಸುತ್ತದೆ.

ಸಂಶೋಧನೆಯ ವಾರ್ಡು, ದಿನನಿತ್ಯದ ವಾರ್ಡು

ಎರಡೂ ಅಧ್ಯಯನ ಒಟ್ಟಿಗೆ ನಿಜವಾಗಲು ಸಾಧ್ಯ. ಕ್ವೀನ್ಸ್‌ಲ್ಯಾಂಡಿನಲ್ಲಿ ಅಧ್ಯಯನಕ್ಕೆಂದೇ ನೇಮಿಸಿದ ನರ್ಸ್‌ಗಳು ದಿನಾ ಬಂದು ಪ್ರತಿ ರೋಗಿಯ ಕೈ ನೋಡುತ್ತಿದ್ದರು. ‘ತೊಂದರೆ ಕಂಡಾಗ ತೆಗೆಯಿರಿ’ ಎಂಬುದು ಅಲ್ಲಿ ಅಕ್ಷರಶಃ ನಡೆಯಿತು, ಏಕೆಂದರೆ ನೋಡುವವರು ಇದ್ದರು. ಇಡೀ ಆಸ್ಪತ್ರೆ ನಿಯಮ ಬದಲಿಸಿದಾಗ ಹಾಗೆ ನೋಡುವ ಹೆಚ್ಚುವರಿ ಕಣ್ಣು ಬರುವುದಿಲ್ಲ. ತಾರೀಖಿನ ನಿಯಮ ಎಷ್ಟೇ ಒರಟಾಗಿದ್ದರೂ, ನಾಲ್ಕು ದಿನಕ್ಕೊಮ್ಮೆಯಾದರೂ ಒಬ್ಬರು ಆ ಕೈ ಹಿಡಿದು ನೋಡುವುದನ್ನು ಕಡ್ಡಾಯ ಮಾಡುತ್ತಿತ್ತು. ಅದನ್ನು ತೆಗೆದಾಗ ಕೆಲವು ಕ್ಯಾನುಲಾಗಳು ಮರೆತೇ ಹೋಗುತ್ತವೆ. ಜಿನೀವಾದ ಅಂಕಿಗಳಿಗೆ ಇದೊಂದೇ ವಿವರಣೆ ಎನ್ನಲಾಗದು, ಆದರೆ ವಾರ್ಡಿನ ಕೆಲಸ ಬಲ್ಲವರಿಗೆ ಇದನ್ನು ತಳ್ಳಿಹಾಕುವುದು ಕಷ್ಟ. 51 ದೇಶಗಳಲ್ಲಿ 40 ಸಾವಿರಕ್ಕೂ ಹೆಚ್ಚು ಕ್ಯಾನುಲಾ ಪರಿಶೀಲಿಸಿದ, 2018ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು ಶೇ 14ರಷ್ಟು ಕ್ಯಾನುಲಾಗಳಿಗೆ ಕೆಲಸವೇ ಇರಲಿಲ್ಲ. ಇಂಜೆಕ್ಷನ್ ನಿಂತು ಮಾತ್ರೆ ಶುರುವಾಗಿದೆ, ‘ಇರಲಿ, ಬೇಕಾದೀತು’ ಎಂದು ಬಿಟ್ಟದ್ದು ಹಾಗೇ ಕೈಯಲ್ಲಿದೆ.

ಹಾಗಾಗಿ ಒಂದೇ ನಿಯಮ ಒಂದು ವಾರ್ಡಿನಲ್ಲಿ ಸುರಕ್ಷಿತ, ಇನ್ನೊಂದರಲ್ಲಿ ಅಪಾಯಕಾರಿ ಆಗಬಹುದು. ಔಷಧದ ಅಧ್ಯಯನದಲ್ಲಿ ಮಾತ್ರೆ ಆಸ್ಟ್ರೇಲಿಯಾದಲ್ಲೂ ಅದೇ, ಕಲಬುರಗಿಯಲ್ಲೂ ಅದೇ. ಶುಶ್ರೂಷೆಯ ಅಧ್ಯಯನದಲ್ಲಿ ಪರೀಕ್ಷೆಗೆ ಒಳಗಾಗುವುದು ಕೆಲಸ ಮಾಡುವ ರೀತಿ. ಅದು ಪಾಳಿಯಲ್ಲಿ ಎಷ್ಟು ಜನರಿದ್ದಾರೆ, ಏನನ್ನು ಬರೆದಿಡುತ್ತಾರೆ, ಡ್ರೆಸ್ಸಿಂಗ್ ಯಾವುದು ಎಂಬುದರ ಮೇಲೆ ನಿಂತಿರುತ್ತದೆ. ಅದರ ಉತ್ತರವನ್ನು ಎರವಲು ತರಲು ಬರುವುದಿಲ್ಲ.

ನಮ್ಮ ವಾರ್ಡಿಗೆ ತಂದರೆ

30 ಹಾಸಿಗೆಯ ಜನರಲ್ ವಾರ್ಡಿನಲ್ಲಿ 20 ಮಂದಿಗೆ ಕ್ಯಾನುಲಾ ಇದೆ ಎಂದಿಟ್ಟುಕೊಳ್ಳೋಣ. 72 ಗಂಟೆಯ ನಿಯಮವಿದ್ದರೆ ದಿನಕ್ಕೆ ಸುಮಾರು 7 ಬದಲಾವಣೆ. ಟ್ರೇ ಜೋಡಿಸಿ, ಪಟ್ಟಿ ಬಿಗಿದು, ಚರ್ಮಕ್ಕೆ ಸ್ಪಿರಿಟ್ ಅಥವಾ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಒಣಗಲು ಬಿಟ್ಟು, ಚುಚ್ಚಿ, ಸಲೈನ್ ಹಾಯಿಸಿ, ಅಂಟಿಸಿ, ತಾರೀಖು ಬರೆಯಲು ಒಂದಕ್ಕೆ 10 ನಿಮಿಷ ಹಿಡಿದರೆ ದಿನಕ್ಕೆ 70 ನಿಮಿಷ. ಅಗತ್ಯ ಬಿದ್ದಾಗ ಮಾತ್ರ ಎಂಬ ನಿಯಮವಿದ್ದರೆ ಇದರಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಆದರೆ ಆ ನಿಯಮ ಸುರಕ್ಷಿತವಾಗಬೇಕಾದರೆ ಪ್ರತಿ ಪಾಳಿಯಲ್ಲೂ 20 ಕೈ ನೋಡಲೇಬೇಕು. ಒಂದಕ್ಕೆ 2 ನಿಮಿಷದಂತೆ ಮೂರು ಪಾಳಿಗೆ 120 ನಿಮಿಷ.

ಈ ತಪಾಸಣೆ ಎರಡೂ ಪದ್ಧತಿಯಲ್ಲಿ ಆಗಬೇಕು ಎಂದು ಪುಸ್ತಕ ಹೇಳುತ್ತದೆ, ನಿಜ. ವ್ಯತ್ಯಾಸ ಇರುವುದು ಅದು ತಪ್ಪಿಹೋದಾಗ. ತಾರೀಖಿನ ನಿಯಮದಲ್ಲಿ ತಪ್ಪಿದ ತಪಾಸಣೆಯನ್ನು ತಾರೀಖು ಅರ್ಧ ತುಂಬಿಕೊಡುತ್ತದೆ, ಇನ್ನೊಂದರಲ್ಲಿ ತುಂಬಿಕೊಡಲು ಏನೂ ಇಲ್ಲ. ಉಳಿತಾಯ ಕಾಣುವುದು ಸ್ಟೋರಿನ ಲೆಕ್ಕದಲ್ಲಿ, ಕ್ಯಾನುಲಾ ಮತ್ತು ಡ್ರೆಸ್ಸಿಂಗ್ ಖರ್ಚು ಇಳಿದಾಗ. ಆ 120 ನಿಮಿಷ ಮಾತ್ರ ಯಾವ ಲೆಕ್ಕದ ಪುಸ್ತಕಕ್ಕೂ ಹತ್ತುವುದಿಲ್ಲ. ಆಡಳಿತದವರಿಗೆ ಹೊಸ ನಿಯಮ ಇಷ್ಟವಾಗುವುದು, ಇನ್‌ಚಾರ್ಜ್ ಸಿಸ್ಟರ್ ಅನುಮಾನದಿಂದ ನೋಡುವುದು, ಎರಡೂ ಇದರಿಂದ ಅರ್ಥವಾಗುತ್ತದೆ.

ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿಗೆ 3 ಹಾಸಿಗೆಗೆ ಒಬ್ಬ ನರ್ಸ್, ಇತರ ಆಸ್ಪತ್ರೆಗೆ 5ಕ್ಕೆ ಒಬ್ಬ, ಮೇಲೆ ರಜೆಗೆಂದು ಶೇ 30 ಹೆಚ್ಚುವರಿ ಸಿಬ್ಬಂದಿ ಎನ್ನುತ್ತದೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ ಇರುವ ಕಡೆ ಈ ಅಂಕಿಗಳನ್ನು ಓದಿದರೆ ನಗು ಬರುತ್ತದೆ.

ಇನ್ನೊಂದು ತೊಡಕು ಇನ್ನೂ ಗಂಭೀರ. ಜಿನೀವಾಕ್ಕೆ 46 ಸೋಂಕು ಕಂಡದ್ದು ಅವರು ರಕ್ತದ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ, ಪ್ರತಿ ಕ್ಯಾನುಲಾದ ದಾಖಲೆ ಇಟ್ಟಿದ್ದರಿಂದ. ನಮ್ಮ ಆಸ್ಪತ್ರೆಗಳ ಸೋಂಕು ನಿಯಂತ್ರಣ ಸಮಿತಿಗಳು ಸಾಮಾನ್ಯವಾಗಿ ಲೆಕ್ಕವಿಡುವುದು ಐಸಿಯುನ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ), ಮೂತ್ರದ ಕೊಳವೆ ಮತ್ತು ವೆಂಟಿಲೇಟರ್ ಸೋಂಕುಗಳನ್ನು. ಜನರಲ್ ವಾರ್ಡಿನ ಸಾಧಾರಣ ಕ್ಯಾನುಲಾ ಆ ಪಟ್ಟಿಗೆ ಬರುವುದು ಅಪರೂಪ. ಜ್ವರ ಬಂದ ಕೂಡಲೇ ಕಲ್ಚರ್‌ಗೆ ರಕ್ತ ತೆಗೆಯುವ ಮುಂಚೆಯೇ ಆಂಟಿಬಯಾಟಿಕ್ ಕೊಟ್ಟರಂತೂ ಸೋಂಕು ಎಲ್ಲಿಂದ ಬಂತೆಂದು ಗೊತ್ತಾಗುವುದೇ ಇಲ್ಲ. ಅಂಥ ಆಸ್ಪತ್ರೆ ನಿಯಮ ಸಡಿಲಿಸಿದರೆ ‘ಯಾವ ತೊಂದರೆಯೂ ಆಗಿಲ್ಲ’ ಎಂದು ವರದಿ ಬರುತ್ತದೆ. ಆಗಿಲ್ಲವೋ, ನೋಡಿಲ್ಲವೋ, ಹೇಳಲು ದಾರಿಯಿಲ್ಲ.

ಪ್ರಬಂಧಗಳಿಗೇನು ಬರವಿಲ್ಲ

ಹಾಗಾದರೆ ನಮ್ಮಲ್ಲೇ ಅಧ್ಯಯನ ನಡೆಯಬೇಕು. ಮಾಡುವವರಿದ್ದಾರೆಯೇ? ಧಾರಾಳವಾಗಿ. ಬಿಎಸ್ಸಿ ನರ್ಸಿಂಗ್‌ನಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಪಠ್ಯದ ಭಾಗ, ಗುಂಪಾಗಿ ಒಂದು ಪ್ರಾಜೆಕ್ಟ್ ಮಾಡಲೇಬೇಕು. ಎಂಎಸ್ಸಿಗೆ ಪ್ರಬಂಧ ಕಡ್ಡಾಯ. ಪಿಎಚ್.ಡಿ.ಗೆ ಭಾರತೀಯ ನರ್ಸಿಂಗ್ ಪರಿಷತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆಗೂಡಿ ರಾಷ್ಟ್ರೀಯ ಒಕ್ಕೂಟವನ್ನೇ ಕಟ್ಟಿದೆ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಆದರೆ ಯಾವುದಾದರೂ ಕಾಲೇಜಿನ ಗ್ರಂಥಾಲಯದಲ್ಲಿ ಪ್ರಬಂಧಗಳ ಬೆನ್ನು ಓದುತ್ತಾ ಹೋದರೆ ಒಂದೇ ಶೀರ್ಷಿಕೆ ವೇಷ ಬದಲಿಸಿ ಬರುತ್ತದೆ: ‘ಇಂಥ ವಿಷಯದ ಜ್ಞಾನದ ಮೇಲೆ ರಚನಾತ್ಮಕ ಬೋಧನಾ ಕಾರ್ಯಕ್ರಮದ ಪರಿಣಾಮಕಾರಿತ್ವ.’ ಎಸ್‌ಟಿಪಿ ಎಂದೇ ಇದು ಪ್ರಸಿದ್ಧ. 60 ಮಂದಿಯನ್ನು ಕೂರಿಸಿ ಪ್ರಶ್ನಾವಳಿ ಕೊಡುವುದು, 45 ನಿಮಿಷ ಪಾಠ ಮಾಡುವುದು, ಏಳನೇ ದಿನ ಅದೇ ಪ್ರಶ್ನಾವಳಿ ಮತ್ತೆ ಕೊಡುವುದು. ಅಂಕ ಹೆಚ್ಚಿರುತ್ತದೆ, ಪಿ ಮೌಲ್ಯ (ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ಅಳೆಯುವ ಅಂಕಿ) 0.05ಕ್ಕಿಂತ ಕೆಳಗಿರುತ್ತದೆ, ಪ್ರಬಂಧ ಪಾಸಾಗುತ್ತದೆ. ಪಾಠ ಮಾಡಿದ ಮೇಲೆ ಅದೇ ಪ್ರಶ್ನೆಗೆ ಹೆಚ್ಚು ಅಂಕ ಬರದಿದ್ದರೆ ಅದು ಸುದ್ದಿ. ಕ್ಯಾನುಲಾ ಆರೈಕೆಯ ಮೇಲೂ ಇಂಥ ಪ್ರಬಂಧಗಳು ಬೇಕಾದಷ್ಟಿವೆ. ನರ್ಸ್‌ಗಳ ಜ್ಞಾನ ಅಳೆದಿರುತ್ತಾರೆ, ರೋಗಿಯ ಕೈಯನ್ನಲ್ಲ.

ಇದಕ್ಕೆ ವಿದ್ಯಾರ್ಥಿಗಳ ಸೋಮಾರಿತನ ಕಾರಣವೆಂದರೆ ಅನ್ಯಾಯವಾದೀತು. ಎರಡು ವರ್ಷದ ಕೋರ್ಸಿನಲ್ಲಿ ಸಿನಾಪ್ಸಿಸ್, ಅಂದರೆ ಪ್ರಬಂಧದ ರೂಪುರೇಷೆ, ಮೊದಲ ವರ್ಷವೇ ಕೊಡಬೇಕು, ಆಗ ವಾರ್ಡಿನ ಪ್ರಶ್ನೆ ಯಾವುದೆಂದು ಗೊತ್ತಾಗಿರುವುದಿಲ್ಲ. ಮಾಹಿತಿ ಸಂಗ್ರಹಕ್ಕೆ ಸಿಗುವುದು ನಾಲ್ಕಾರು ವಾರ. ಆಸ್ಪತ್ರೆಯ ಅಧೀಕ್ಷಕರು ಪ್ರಶ್ನಾವಳಿಗೆ ಸುಲಭವಾಗಿ ಅನುಮತಿ ಕೊಡುತ್ತಾರೆ, ರೋಗಿಯ ಆರೈಕೆ ಬದಲಿಸುವ ಅಧ್ಯಯನಕ್ಕೆ ಹಿಂದೆಮುಂದೆ ನೋಡುತ್ತಾರೆ. ಎಲ್ಲಕ್ಕಿಂತ ದೊಡ್ಡದು ಕಾಲೇಜು ಮತ್ತು ವಾರ್ಡಿನ ನಡುವಿನ ಗೋಡೆ. ಪಾಠ ಮಾಡುವವರು ಕಾಲೇಜಿನ ಸಿಬ್ಬಂದಿ, ಆರೈಕೆ ಮಾಡುವವರು ಆಸ್ಪತ್ರೆಯ ಸಿಬ್ಬಂದಿ. ಇಬ್ಬರ ಮೇಲಧಿಕಾರಿ ಬೇರೆ, ಬಡ್ತಿಯ ದಾರಿ ಬೇರೆ. ವಾರ್ಡಿನ ನರ್ಸ್‌ಗೆ ಪ್ರಶ್ನೆ ಇರುತ್ತದೆ, ವಿಧಾನ ಗೊತ್ತಿರುವುದಿಲ್ಲ. ಪ್ರಾಧ್ಯಾಪಕರಿಗೆ ವಿಧಾನ ಗೊತ್ತಿರುತ್ತದೆ, ವಾರ್ಡಿನ ನಿಯಮ ಬದಲಿಸುವ ಅಧಿಕಾರ ಇರುವುದಿಲ್ಲ.

ಕಾಲೇಜಿನವರ ವಾದವೂ ಇದೆ: ಎಂಎಸ್ಸಿ ಪ್ರಬಂಧದ ಉದ್ದೇಶ ಸಂಶೋಧನೆಯ ವಿಧಾನ ಕಲಿಸುವುದು, ಜಗತ್ತು ಬದಲಿಸುವುದಲ್ಲ. ಒಪ್ಪಬಹುದಾದ ಮಾತು. ಆದರೆ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಿದರೆ ವಿಧಾನವನ್ನೂ ಕಲಿತ ಹಾಗಾಗುವುದಿಲ್ಲ.

60 ಮಂದಿ ಯಾಕೆ ಸಾಲದು

ಪಾರದರ್ಶಕ ಡ್ರೆಸ್ಸಿಂಗ್ ಹಾಕಿದರೆ ಫ್ಲೆಬೈಟಿಸ್ ಶೇ 20ರಿಂದ ಶೇ 10ಕ್ಕೆ ಇಳಿಯುತ್ತದೆಯೇ ಎಂದು ನೋಡಬೇಕು ಎಂದುಕೊಳ್ಳಿ. ಗುಂಪಿಗೆ 30 ಮಂದಿ ಇದ್ದರೆ ಒಂದರಲ್ಲಿ 6, ಇನ್ನೊಂದರಲ್ಲಿ 3 ಪ್ರಕರಣ. ಈ ಮೂರರ ವ್ಯತ್ಯಾಸ ಬರೀ ಆಕಸ್ಮಿಕವಾಗಿಯೂ ಬರಬಹುದು. ಸಾಮಾನ್ಯವಾಗಿ ಬಳಸುವ ಸೂತ್ರಕ್ಕೆ, ಅಂದರೆ ಶೇ 80ರ ಸಾಮರ್ಥ್ಯ (ನಿಜವಾದ ವ್ಯತ್ಯಾಸವನ್ನು ಹಿಡಿಯುವ ಸಂಭವ) ಮತ್ತು ಶೇ 5ರ ತಪ್ಪಿನ ಮಿತಿಗೆ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಂಭವ), ಇದನ್ನು ಹಾಕಿದರೆ ಗುಂಪಿಗೆ ಸುಮಾರು 200 ಮಂದಿ ಬೇಕು. ಅದೇ ಶೇ 7 ಮತ್ತು ಶೇ 10ರ ನಡುವಿನ ವ್ಯತ್ಯಾಸ ಹಿಡಿಯಬೇಕಾದರೆ ಗುಂಪಿಗೆ ಸುಮಾರು 1,350. ಕ್ವೀನ್ಸ್‌ಲ್ಯಾಂಡಿನವರು 3,283 ಮಂದಿಯನ್ನು ಸೇರಿಸಿಕೊಂಡದ್ದು ಆಡಂಬರಕ್ಕಲ್ಲ.

ಒಬ್ಬ ವಿದ್ಯಾರ್ಥಿಗೆ 400 ರೋಗಿಗಳು ನಾಲ್ಕಾರು ವಾರದಲ್ಲಿ ಸಿಗುವುದಿಲ್ಲ. ಆದರೆ ಐದು ಕಾಲೇಜಿನ ಐದು ವಿದ್ಯಾರ್ಥಿಗಳು ಒಂದೇ ಪ್ರಶ್ನೆ, ಒಂದೇ ನಮೂನೆ, ಒಂದೇ ಅಳತೆ ಇಟ್ಟುಕೊಂಡು ತಲಾ 80 ಮಂದಿಯ ಮಾಹಿತಿ ತಂದರೆ ಆಗುತ್ತದೆ. ಪ್ರಬಂಧ ಒಬ್ಬೊಬ್ಬರದ್ದೇ ಸ್ವಂತ ವಿಷಯವಾಗಿರಬೇಕು ಎಂಬ ನಿರೀಕ್ಷೆ ಇದಕ್ಕೆ ಅಡ್ಡ ನಿಲ್ಲುತ್ತದೆ. ವಿಶ್ವವಿದ್ಯಾಲಯ ಒಂದು ಸುತ್ತೋಲೆಯಲ್ಲಿ ಸಡಿಲಿಸಬಹುದಾದ ಅಡ್ಡಿ ಇದು.

ಹಾಸಿಗೆಯ ಪಕ್ಕದಲ್ಲಿ ಅಳೆಯುವಾಗ

ದೊಡ್ಡ ಪ್ರಯೋಗಕ್ಕೆ ಕೈಹಾಕುವ ಮುಂಚೆ ನಾಲ್ಕು ವಾರ ಬರೀ ನೋಡಿ ಬರೆದಿಡುವುದು ಒಳ್ಳೆಯದು. ಪ್ರತಿ ಕ್ಯಾನುಲಾಗೆ ಒಂದು ಸಾಲು. ಹಾಕಿದ ತಾರೀಖು ಮತ್ತು ಗಂಟೆ, ತುರ್ತು ವಿಭಾಗದಲ್ಲಿ ಹಾಕಿದ್ದೋ ವಾರ್ಡಿನಲ್ಲೋ, ಗೇಜ್ ಅಂದರೆ ಸೂಜಿಯ ದಪ್ಪ (ಹಸಿರು 18, ಗುಲಾಬಿ 20, ನೀಲಿ 22), ಜಾಗ, ಡ್ರೆಸ್ಸಿಂಗ್, ಅದರಲ್ಲಿ ಹೋಗುತ್ತಿರುವ ಔಷಧಗಳು, ಇಂದು ಅದು ನಿಜಕ್ಕೂ ಬಳಕೆಯಲ್ಲಿದೆಯೇ, ತೆಗೆದ ಕಾರಣ. ಇಷ್ಟು ಬರೆಯಲು ಹೊರಟ ಮೊದಲ ದಿನವೇ ಒಂದು ಸಂಗತಿ ಗೊತ್ತಾಗುತ್ತದೆ: ಅನೇಕ ಡ್ರೆಸ್ಸಿಂಗ್‌ಗಳ ಮೇಲೆ ತಾರೀಖೇ ಇರುವುದಿಲ್ಲ. ತಾರೀಖಿಲ್ಲದ ಕ್ಯಾನುಲಾಗೆ 72 ಗಂಟೆಯ ನಿಯಮವೂ ಇಲ್ಲ, ಬೇರೆ ನಿಯಮವೂ ಇಲ್ಲ.

ಫ್ಲೆಬೈಟಿಸ್ ಅಳೆಯಲು ವಿಐಪಿ (ವಿಷುಯಲ್ ಇನ್ಫ್ಯೂಷನ್ ಫ್ಲೆಬೈಟಿಸ್) ಸ್ಕೋರ್ ಎಂಬ 0ಯಿಂದ 5ರವರೆಗಿನ ಅಳತೆ ಬಳಕೆಯಲ್ಲಿದೆ. ಸೊನ್ನೆ ಎಂದರೆ ಏನೂ ಇಲ್ಲ. ಒಂದು, ಸಣ್ಣ ನೋವು ಅಥವಾ ಸಣ್ಣ ಕೆಂಪು. ನೋವು, ಕೆಂಪು, ಊತ ಇವುಗಳಲ್ಲಿ ಎರಡು ಸೇರಿದರೆ ಎರಡು, ಅಲ್ಲಿಗೆ ಕ್ಯಾನುಲಾ ತೆಗೆಯಬೇಕು. ನಾಲ್ಕಕ್ಕೆ ಬರುವಷ್ಟರಲ್ಲಿ ರಕ್ತನಾಳ ಹಗ್ಗದಂತೆ ಗಟ್ಟಿಯಾಗಿ ಕೈಗೆ ಸಿಗುತ್ತದೆ, ಐದರಲ್ಲಿ ಜ್ವರವೂ ಇರುತ್ತದೆ. ಬಿಳಿ ಚರ್ಮದವರ ನಾಡಿನಲ್ಲಿ ಹುಟ್ಟಿದ ಈ ಅಳತೆ ಕೆಂಪು ಬಣ್ಣದ ಮೇಲೆ ತುಂಬ ಭಾರ ಹಾಕುತ್ತದೆ. ನಮ್ಮ ರೋಗಿಗಳ ಚರ್ಮದಲ್ಲಿ ಆರಂಭದ ಕೆಂಪು ಕಾಣದೇ ಹೋಗಬಹುದು. ಆದ್ದರಿಂದ ಎರಡು ಬೆರಳಿಟ್ಟು ಬಿಸಿ, ಗಡಸು ನೋಡಬೇಕು, ಮೆಲ್ಲಗೆ ಒತ್ತಿದಾಗ ನೋವಾಗುತ್ತದೆಯೇ ಎಂದು ಕೇಳಬೇಕು. ಇಬ್ಬರು ನರ್ಸ್‌ಗಳು ಮೊದಲು 20–30 ಕೈಗಳನ್ನು ಬೇರೆ ಬೇರೆಯಾಗಿ ನೋಡಿ ಸ್ಕೋರ್ ಬರೆದು ತಾಳೆ ನೋಡಿಕೊಳ್ಳಬೇಕು. ಇಬ್ಬರದೂ ಹೊಂದದಿದ್ದರೆ ಮುಂದೆ ಸೇರಿಸುವ ಅಂಕಿಗಳಿಗೆ ಬೆಲೆಯಿಲ್ಲ.

ಅಧ್ಯಯನ ಕೆಡುವುದು ಸಣ್ಣ ಜಾಗಗಳಲ್ಲಿ. ವಿದ್ಯಾರ್ಥಿಗಳ ಪೋಸ್ಟಿಂಗ್ ಹೆಚ್ಚಾಗಿ ಬೆಳಗಿನ ಪಾಳಿಗೆ. ರಾತ್ರಿ ಎರಡಕ್ಕೆ ಔಟ್ ಆಗಿ, ಅಂದರೆ ದ್ರವ ರಕ್ತನಾಳದ ಹೊರಗೆ ಸೋರಿ, ಕೈ ಊದಿದ್ದ ಕ್ಯಾನುಲಾ ಅಷ್ಟರಲ್ಲಿ ಹೋಗಿ ಹೊಸದು ಬಂದಿರುತ್ತದೆ, ತಪಾಸಣೆಯಲ್ಲಿ ‘ಸ್ಕೋರ್ ಸೊನ್ನೆ’ ಎಂದು ದಾಖಲಾಗುತ್ತದೆ. ಒಬ್ಬನೇ ರೋಗಿಗೆ ನಾಲ್ಕು ಬಾರಿ ಹಾಕಿದ್ದನ್ನು ನಾಲ್ವರು ರೋಗಿಗಳೆಂಬಂತೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಪ್ರತಿ ರೋಗಿಯ ಮೊದಲ ಕ್ಯಾನುಲಾ ಮಾತ್ರ ತೆಗೆದುಕೊಳ್ಳುವುದು ಸುಲಭದ ದಾರಿ. ಪೊಟ್ಯಾಸಿಯಂ ಕ್ಲೋರೈಡ್, ವ್ಯಾಂಕೋಮೈಸಿನ್, ಅಮಿಯೊಡರೋನ್ ಇಂಥವು ರಕ್ತನಾಳವನ್ನು ಸುಡುವ ಔಷಧಗಳು. ಒಂದು ಗುಂಪಿಗೆ ಇವು ಹೆಚ್ಚು ಬಿದ್ದಿದ್ದರೆ ದೋಷ ಡ್ರೆಸ್ಸಿಂಗ್ ಮೇಲೆ ಬರುತ್ತದೆ. ಇನ್ನು ಬಿಳಿ ಪ್ಲಾಸ್ಟರನ್ನು ಸುತ್ತುಸುತ್ತಾಗಿ ಅಂಟಿಸಿದ ಕಡೆ ಚುಚ್ಚಿದ ಜಾಗವೇ ಕಾಣುವುದಿಲ್ಲ. ಅಲ್ಲಿ ಸ್ಕೋರ್ ಬರೆದಿದ್ದರೆ ಅದು ಊಹೆ.

ಅನುಮತಿಯ ಪ್ರಶ್ನೆ

ಬರೀ ಇರುವ ಪದ್ಧತಿ ಹೇಗೆ ನಡೆಯುತ್ತಿದೆ ಎಂದು ಆಸ್ಪತ್ರೆಯೊಳಗೆ ಗುಣಮಟ್ಟ ಪರಿಶೀಲಿಸುವುದು ಆಡಿಟ್. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯಲ್ಲಿ ಇಂಥದ್ದಕ್ಕೆ ವಿನಾಯಿತಿ ಇದೆ, ಆದರೆ ವಿನಾಯಿತಿ ಕೊಡಬೇಕಾದದ್ದು ನೈತಿಕ ಸಮಿತಿಯೇ. ರೋಗಿಗಳನ್ನು ಎರಡು ಗುಂಪು ಮಾಡಿ ಬೇರೆ ಬೇರೆ ಆರೈಕೆ ಕೊಟ್ಟರೆ ಅದು ಪ್ರಯೋಗ. ಸಮಿತಿಯ ಪೂರ್ಣ ಒಪ್ಪಿಗೆ ಬೇಕು, 2019ರ ನಿಯಮಗಳ ಪ್ರಕಾರ ಆ ಸಮಿತಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಪ್ರಯೋಗವನ್ನು ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ದಾಖಲಿಸಬೇಕು. ಅದಕ್ಕೆ ಶುಲ್ಕವಿಲ್ಲ, 2018ರ ಏಪ್ರಿಲ್‌ನಿಂದ ಆಮೇಲೆ ದಾಖಲಿಸುವ ಅವಕಾಶವೂ ಇಲ್ಲ. ಒಪ್ಪಿಗೆ ಪತ್ರ ರೋಗಿಯ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಓದಿ ಹೇಳಿ, ಸಂಬಂಧವಿಲ್ಲದ ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸಬೇಕು. ‘ಸಿಸ್ಟರ್ ಹೇಳಿದ್ರಲ್ಲ, ಇಲ್ಲ ಅನ್ನೋಕಾಗುತ್ತಾ’ ಎಂದು ಹೂಂಗುಟ್ಟುವುದನ್ನು ಒಪ್ಪಿಗೆ ಎನ್ನಲಾಗದು. ಅದೇ ವಾರ್ಡಿನ ನರ್ಸ್ ಬದಲು ಬೇರೆಯವರು ಕೇಳುವುದು ಲೇಸು.

ಮುಂದೆ ಏನಾಗಬಹುದು

ಮೂರು ವಾದಗಳು ಈಗ ಎದುರಾಗಿವೆ. ಹೊರಗಿನ ಮಾನದಂಡವನ್ನು ಹಾಗೇ ಒಪ್ಪಿ ತಾರೀಖಿನ ನಿಯಮ ಬಿಡಿ ಎನ್ನುವವರು, ರೋಗಿಗೆ ತಪ್ಪುವ ನೋವು ಮತ್ತು ಉಳಿಯುವ ಹಣ ತೋರಿಸುತ್ತಾರೆ. ಮೂರು ದಿನವನ್ನೇ ಉಳಿಸಿ ಎನ್ನುವವರು ಜಿನೀವಾ ತೋರಿಸುತ್ತಾರೆ. ಪ್ರತಿ ಪಾಳಿಯ ತಪಾಸಣೆ ನಿಜಕ್ಕೂ ನಡೆಯುವುದನ್ನು ಅಳೆದು ತೋರಿಸಿದ ವಾರ್ಡುಗಳು ಮಾತ್ರ ಬದಲಾಗಲಿ ಎನ್ನುವುದು ಮೂರನೆಯದು. ಈ ಲೇಖನ ವಾಲುವುದು ಅತ್ತ. ನಿಧಾನದ ದಾರಿ ನಿಜ, ಆದರೆ ಕೆಲಸವಿಲ್ಲದ ಕ್ಯಾನುಲಾ ಅಂದೇ ತೆಗೆಯುವುದಕ್ಕೆ ಯಾವ ಅಧ್ಯಯನಕ್ಕೂ ಕಾಯಬೇಕಿಲ್ಲ. ಈ ಒಂದು ವಿಷಯದಲ್ಲಿ ಯಾರದ್ದೂ ತಕರಾರಿಲ್ಲ.

1947ರ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಅದರಡಿ ಪಠ್ಯ ಮತ್ತು ಮಾನದಂಡಗಳು ಹೊಸದಾಗಿ ರೂಪುಗೊಳ್ಳುವಾಗ ಎರಡು ಸಂಗತಿ ಗಮನಿಸಬೇಕು: ಕಾಲೇಜಿನಲ್ಲೂ ವಾರ್ಡಿನಲ್ಲೂ ಒಟ್ಟಿಗೆ ಜವಾಬ್ದಾರಿ ಇರುವ ಹುದ್ದೆ ಬರುತ್ತದೆಯೇ, ಹಲವು ಕಾಲೇಜುಗಳು ಸೇರಿ ಮಾಡುವ ಪ್ರಬಂಧಕ್ಕೆ ಮಾನ್ಯತೆ ಸಿಗುತ್ತದೆಯೇ. ನರ್ಸ್‌ಗಳ ಸಂಶೋಧನೆ ನೀತಿಯನ್ನೇ ಅಲುಗಿಸಿದ ಉದಾಹರಣೆ ಇಲ್ಲದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿದ ಲಿಂಡಾ ಏಕನ್ ತಂಡ, ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚಿದ್ದನ್ನು 2002ರಲ್ಲಿ ತೋರಿಸಿತು. ಸಿಬ್ಬಂದಿ ಪ್ರಮಾಣದ ಚರ್ಚೆಯಲ್ಲಿ ಇಂದಿಗೂ ಉಲ್ಲೇಖವಾಗುವ ಅಂಕಿ ಅದು. ಅದಕ್ಕೂ ಮೊದಲು ಆ ವಾದ ಬರೀ ಸಂಘಟನೆಯ ಬೇಡಿಕೆಯಾಗಿ ಕೇಳಿಸುತ್ತಿತ್ತು.

ಆಸ್ಪತ್ರೆಯೊಂದರ ಸೋಂಕು ನಿಯಂತ್ರಣ ಸಮಿತಿಯ ಮುಂದೆ ‘ಇನ್ನು ಮೇಲೆ ಅಗತ್ಯ ಬಿದ್ದಾಗ ಮಾತ್ರ’ ಎಂಬ ಕಡತ ಬಂದರೆ, ಅದರ ಜೊತೆ ಎರಡು ಅಂಕಿ ಲಗತ್ತಾಗಿರಬೇಕು. ಕಳೆದ ತಿಂಗಳು ಆಗಬೇಕಿದ್ದ ತಪಾಸಣೆಗಳಲ್ಲಿ ರಾತ್ರಿ ಪಾಳಿಯೂ ಸೇರಿ ನಿಜಕ್ಕೂ ಆದದ್ದು ನೂರಕ್ಕೆ ಎಷ್ಟು, ಮತ್ತು ಕ್ಯಾನುಲಾ ಇದ್ದು ಜ್ವರ ಬಂದವರಲ್ಲಿ ಆಂಟಿಬಯಾಟಿಕ್ ಮುಟ್ಟುವ ಮೊದಲೇ ಕಲ್ಚರ್‌ಗೆ ರಕ್ತ ಹೋದದ್ದು ಎಷ್ಟು ಮಂದಿಯದು. ಎರಡೂ ಇಲ್ಲದಿದ್ದರೆ ಕಡತ ವಾರ್ಡಿಗೆ ಮರಳಲಿ.